ಚಿಕ್ಕಪ್ಪನ ಕಿವಿಯ ಜಿಲ್ಲಾ ಪ್ರವಾಸ

ನಮ್ಮ ಚಿಕ್ಕಮ್ಮನನ್ನು ಕಂಡರೆ ಹೆದರದವರು ಇಡೀ ಮಳವಳ್ಳಿಯಲ್ಲಿ ಇಬ್ಬರೇ ಇಬ್ಬರು. ಒಬ್ಬರು ಅವರ ಯಜಮಾನರು, ಅಂದರೆ ನಮ್ಮ ಚಿಕ್ಕಪ್ಪ. ಅವರಿಗೆ ಕಿವಿ ಕೇಳಿಸುವುದಿಲ್ಲ. ಇನ್ನೊಬ್ಬ ಕೊರಿಯರ್‌ನವನು. ಅವನು ಮನೆಗೆ ಬಂದರೆ ತಾನೇ ಹೆದರುವುದು!

ಚಿಕ್ಕಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಮಿಸ್ ಆಗಿದ್ದವರು. ಅವರು ಮೈದಾನದಲ್ಲಿ ನಿಂತು ‘ಸಾವಧಾನ್’ ಎಂದರೆ ಬಸ್ ಸ್ಟ್ಯಾಂಡಿನಿಂದ ಹೊರಟ ಬಸ್ಸು ಗಕ್ಕನೆ ನಿಲ್ಲುತ್ತಿತ್ತಂತೆ. ಕೆಲಸದಿಂದ ನಿವೃತ್ತಿಯಾಗಿ ಏಳೆಂಟು ವರ್ಷವಾಯಿತು, ದನಿಗೆ ಮಾತ್ರ ಇನ್ನೂ ಸರ್ವೀಸ್ ಬಾಕಿಯಿದೆ. ಊರಿನ ಅರ್ಧಕ್ಕರ್ಧ ಹೆಂಗಸರು ಅವರ ಶಿಷ್ಯೆಯರು. ಚಿಕ್ಕಮ್ಮ ತರಕಾರಿ ಅಂಗಡಿಗೆ ಕಾಲಿಟ್ಟರೆ ಸಾಕು, ಅಲ್ಲಿ ಸೊಪ್ಪು ಆರಿಸುತ್ತಿರುವ ಎರಡೆರಡು ಮಕ್ಕಳ ತಾಯಂದಿರು ತಮಗೇ ತಿಳಿಯದಂತೆ ಎತ್ತರದ ಪ್ರಕಾರ ಸಾಲಾಗಿ ನಿಂತುಬಿಡುತ್ತಾರೆ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ನೋಡಿದ್ದಷ್ಟೇ ಏನು, ಸಾಲಿನಲ್ಲಿ ನಿಂತೂ ಇದ್ದೇನೆ.

ಚಿಕ್ಕಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಎದುರಿಗಿರುವವರಿಗೆ ನೋವಾದೀತೆಂದು ಸೀನನ್ನೂ ತಡೆದುಕೊಳ್ಳುವ ಜಾತಿ. ಅವರ ಕಿವಿ ಮೂರು ವರ್ಷದಿಂದ ಮಂದ. ಬೆಂಗಳೂರಿನ ಒಂದು ಕ್ಲಿನಿಕ್ಕಿನಲ್ಲಿ ಅಳತೆ ಕೊಟ್ಟು ಮಾಡಿಸಿದ ಕಿವಿಯ ಮಿಷನ್ನು ಹಾಕಿಕೊಂಡು ಚೆನ್ನಾಗಿಯೇ ಇದ್ದರು. ಒಂದು ಭಾನುವಾರ ಆ ಮಿಷನ್ನನ್ನು ಅಂಗಿಯ ಜೇಬಿನಲ್ಲಿಟ್ಟು ಸ್ನಾನಕ್ಕೆ ಹೋದರು. ಜೇಬು ನೋಡದೆ ಚಿಕ್ಕಮ್ಮ ಅಂಗಿಯನ್ನು ವಾಷಿಂಗ್ ಮಿಷನ್ನಿಗೆ ಹಾಕಿದರು. ಒಂದು ಮಿಷನ್ನು ಇನ್ನೊಂದು ಮಿಷನ್ನಿನ ಒಳಗೆ ಮುಕ್ಕಾಲು ಗಂಟೆ ತಿರುಗಿತು. ಹೊರಬಂದಾಗ ಬಹಳ ಶುಭ್ರವಾಗಿತ್ತು. ಕೆಲಸ ಮಾತ್ರ ಮಾಡಲಿಲ್ಲ.

ಕ್ಲಿನಿಕ್ಕಿನವರು, ‘ಅಳತೆ ನಮ್ಮಲ್ಲೇ ಇದೆ, ಹೊಸದು ಮಾಡಿ ಕೊರಿಯರ್ ಮಾಡುತ್ತೇವೆ, ನಾಲ್ಕೇ ದಿನ’ ಎಂದರು. ಆಹಾ, ನಾಲ್ಕೇ ದಿನ! ಆದರೆ ಅಷ್ಟರಲ್ಲಿ ಚಿಕ್ಕಪ್ಪನಿಗೆ ಒಂದು ಅನಾಹುತವಾಯಿತು. ಸಂಜೆ ಟೀ ಅಂಗಡಿಯ ಬೆಂಚಿನಲ್ಲಿ ಗೆಳೆಯರೊಬ್ಬರು ತಮ್ಮ ಅತ್ತಿಗೆ ತೀರಿಕೊಂಡ ಸಂಗತಿ ಹೇಳುತ್ತಿದ್ದರಂತೆ. ಎಂದಿನಂತೆ ತಮಾಷೆ ಹೇಳುತ್ತಿದ್ದಾರೆ ಅಂದುಕೊಂಡು ಚಿಕ್ಕಪ್ಪ ಮನಸಾರೆ ನಕ್ಕರು. ಅವತ್ತೇ ಕೊನೆ, ಆಮೇಲೆ ಬೆಂಚಿಗೆ ಹೋಗಲಿಲ್ಲ. ಮನೆಯಲ್ಲೂ ಮಾತು ನಿಲ್ಲಿಸಿದರು. ಏನು ಕೇಳಿದರೂ ತಲೆಯಾಡಿಸುವುದು, ಪೇಪರು ಮಡಿಚುವುದು, ಮತ್ತೆ ಬಿಡಿಸುವುದು. ಚಿಕ್ಕಮ್ಮ ನನಗೆ ಫೋನ್ ಮಾಡಿ, “ನಿಮ್ ಚಿಕ್ಕಪ್ಪ ಮನೇಲಿದ್ರೂ ಇಲ್ದಂಗೆ ಕಣಮ್ಮ. ಆ ಮಿಸನ್ನು ಬೇಗ ಬರ್ಲಿ” ಎಂದರು. ಅವರ ಬಾಯಲ್ಲಿ ‘ಬರ್ಲಿ’ ಎಂಬ ವಿನಂತಿಯ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ‘ಬಾ’ ಎನ್ನುವುದು ಅವರ ಪದ್ಧತಿ.

ನಾಲ್ಕನೆಯ ದಿನ ಚಿಕ್ಕಪ್ಪನ ಮೊಬೈಲಿಗೆ ಸಂದೇಶ ಬಂತು: ಗ್ರಾಹಕರು ಮನೆಯಲ್ಲಿಲ್ಲದ ಕಾರಣ ಪಾರ್ಸೆಲ್ ತಲುಪಿಸಲಾಗಿಲ್ಲ. ಚಿಕ್ಕಮ್ಮ ಇದನ್ನು ಓದಿದ್ದು ಎಲ್ಲಿ ಕುಳಿತು? ಮನೆಯ ಜಗಲಿಯಲ್ಲೇ! ಬೆಳಗಿನಿಂದ ಅಲ್ಲಿಂದ ಎದ್ದಿರಲಿಲ್ಲ. ತಕ್ಷಣ ಮಂಡ್ಯದಲ್ಲಿರುವ ನನಗೆ ಫೋನು.

“ನಾನು ಮನೇಲಿದೀನಾ ಇಲ್ವಾ, ನೀನೇ ಏಳು.”

“ಎಲ್ಲಿಂದ ಮಾತಾಡ್ತಿದೀರಿ ಚಿಕ್ಕಮ್ಮ?”

“ಮನೆಯಿಂದ.”

“ಹಾಗಾದ್ರೆ ಮನೇಲೇ ಇದೀರಿ.”

“ಅದುನ್ನ ಅವ್ನಿಗೆ ಏಳು!”

ಮರುದಿನ ಚಿಕ್ಕಮ್ಮ ಗೇಟಿನ ಪಕ್ಕ ಕುರ್ಚಿ ಹಾಕಿಕೊಂಡರು. ಕೈಯಲ್ಲೊಂದು ಹಾಜರಿ ಪುಸ್ತಕ. ಹಾಲಿನವರು, ಹೂವಿನವರು, ವಿದ್ಯುತ್ ಮೀಟರ್ ನೋಡಲು ಬಂದವರು, ಸುಮ್ಮನೆ ಹಾದುಹೋದವರು, ಎಲ್ಲರಿಂದಲೂ ‘ಮಿಸ್ ಮನೆಯಲ್ಲೇ ಇದ್ದಾರೆ’ ಎಂದು ಸಮಯ ಸಮೇತ ಸಹಿ ಹಾಕಿಸಿದರು. ಎದುರು ಮನೆಯ ಮೆಕ್ಯಾನಿಕ್ ಸಾಹೇಬರು ಎರಡು ಸಲ ಹಾದದ್ದಕ್ಕೆ ಎರಡು ಸಹಿ. ಸಂಜೆ ಸಂದೇಶ ಬಂತು: ಬಾಗಿಲು ಹಾಕಿತ್ತು.

ಇಂಥ ಸಂದರ್ಭದಲ್ಲಿ ನೀವೋ ನಾನೋ ಆಗಿದ್ದರೆ ಏನು ಮಾಡುತ್ತೇವೆ? ನಾಲ್ಕು ಮಾತು ಬೈದು ಸುಮ್ಮನಾಗುತ್ತೇವೆ. ಚಿಕ್ಕಮ್ಮ ಅದೇ ಸಾಹೇಬರನ್ನು ಕರೆದು ಗೇಟನ್ನೇ ಬಿಚ್ಚಿಸಿ ತೆಂಗಿನ ಮರಕ್ಕೆ ಒರಗಿಸಿಟ್ಟರು. “ಬಾಗ್ಲೇ ಇಲ್ಲ. ಇನ್ನೇನು ಆಕಿತ್ತು ಅಂತಾನೆ, ನೋಡೇ ಬುಡ್ತೀನಿ!”

ಕೊರಿಯರ್ ಬರಲಿಲ್ಲ. ಬಂದದ್ದು ಹಿಂದಿನ ಬೀದಿಯ ಮೂರು ಮೇಕೆಗಳು. ಅವಕ್ಕೆ ವಿಳಾಸ ಹುಡುಕುವ ಕಷ್ಟವೇ ಆಗಲಿಲ್ಲ. ನೇರವಾಗಿ ಬಂದು ದಾಸವಾಳದ ಗಿಡವನ್ನು ಬುಡದವರೆಗೆ ಮುಗಿಸಿ, ಸಹಿಯನ್ನೂ ಹಾಕದೆ ಹೊರಟುಹೋದವು. ಸಂಜೆಗೆ ಸಂದೇಶ: ವಿಳಾಸ ಅಪೂರ್ಣ.

ಅಪೂರ್ಣ! ‘ಹಳೇ ಅಕ್ಕಿ ಮಿಲ್ ಹಿಂದೆ, ಪಿ.ಟಿ. ಮಿಸ್ ಮನೆ, ಮಳವಳ್ಳಿ’ ಎಂಬುದಕ್ಕಿಂತ ಪೂರ್ಣವಾದ ವಿಳಾಸ ಭೂಮಿಯ ಮೇಲೆ ಇದೆಯೇ? ಅಕ್ಕಿ ಮಿಲ್ಲು ಈಗ ಇಲ್ಲ, ಅದು ಬೇರೆ ಮಾತು. ಅದನ್ನು ಕೆಡವಿ ಕಲ್ಯಾಣ ಮಂಟಪ ಕಟ್ಟಿ ಎಷ್ಟೋ ವರ್ಷವಾಗಿದೆ. ಆದರೂ ಆ ಮಂಟಪದಲ್ಲಿ ಮದುವೆಯಾಗುವವರೇ ಲಗ್ನಪತ್ರಿಕೆಯಲ್ಲಿ ‘ಹಳೇ ಅಕ್ಕಿ ಮಿಲ್ ಬಳಿ’ ಎಂದು ಅಚ್ಚು ಹಾಕಿಸುತ್ತಾರೆ. ನಮ್ಮ ಕಡೆ ಇರುವ ಕಟ್ಟಡದಿಂದ ದಾರಿ ಹೇಳುವುದು ಅಷ್ಟು ಮರ್ಯಾದೆಯಲ್ಲ.

ಚಿಕ್ಕಮ್ಮ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದರು. ಕನ್ನಡಕ್ಕಾಗಿ ಎರಡನ್ನು ಒತ್ತಿ ಎಂದಿತು. ಒತ್ತಿದರು. ನಿಮ್ಮ ಕರೆ ನಮಗೆ ಅತ್ಯಂತ ಮುಖ್ಯವಾದುದು ಎಂದು ಹೇಳಿ ಹಾಡು ಹಾಕಿತು.

“ಮುಖ್ಯ ಅಂದ್ಮೇಲೆ ಎತ್ತಮ್ಮ! ಸುಮ್ನೆ ಆಡು ಆಕ್ಕೊಂಡು ಕೂತಿದ್ದೀಯಲ್ಲ, ಕೆಲ್ಸ ಇಲ್ವಾ ನಿಂಗೆ?”

ಇಪ್ಪತ್ತು ನಿಮಿಷ ಆ ಧ್ವನಿಮುದ್ರಿಕೆಗೆ ಶಿಸ್ತಿನ ಪಾಠ ಮಾಡಿದರು. ಕೊನೆಗೆ ಅದೇ ಸೋತು ಫೋನ್ ಇಟ್ಟಿತು. ಮಿಷನ್ನುಗಳಿಗೂ ನಮ್ಮ ಚಿಕ್ಕಮ್ಮನಿಗೂ ಆ ತಿಂಗಳು ಯಾಕೋ ಕೂಡಿಬರಲಿಲ್ಲ.

ಇತ್ತ ನಾನು ನನ್ನ ಮೊಬೈಲಿನಲ್ಲಿ ಪಾರ್ಸೆಲ್ಲಿನ ಜಾಡು ನೋಡುತ್ತಿದ್ದೆ. ಮಳವಳ್ಳಿಯಿಂದ ಮಂಡ್ಯಕ್ಕೆ ವಾಪಸಾಯಿತು. ಮಂಡ್ಯದಿಂದ ಮದ್ದೂರಿಗೆ ಹೋಯಿತು. ಮದ್ದೂರಿನಲ್ಲಿ ಅದಕ್ಕೇನು ಕೆಲಸ? ವಡೆ ತಿನ್ನಬೇಕಿತ್ತೇ? ಅಲ್ಲಿ ಒಂದು ದಿನ ತಂಗಿ ಮತ್ತೆ ಮಂಡ್ಯಕ್ಕೆ ಬಂತು. ಅಲ್ಲಿಂದ ಬಸರಾಳಿಗೆ ಹೋಯಿತು. ಬಹುಶಃ ಹೊಯ್ಸಳರ ದೇವಸ್ಥಾನ ನೋಡಲು! ಅರವತ್ತೆಂಟು ವರ್ಷದಲ್ಲಿ ಚಿಕ್ಕಪ್ಪ ನೋಡದಷ್ಟು ಜಿಲ್ಲೆಯನ್ನು ಅವರ ಕಿವಿ ಒಂದು ವಾರದಲ್ಲಿ ನೋಡಿಬಿಟ್ಟಿತು.

ಕಾಲೇಜಿನ ಗ್ರಂಥಾಲಯದ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಮಂಡ್ಯದ ಕೊರಿಯರ್ ಆಫೀಸಿಗೆ ಹೋದೆ. ಅರ್ಧ ಇಳಿಸಿದ ಷಟರಿನ ಒಳಗೆ ಚೀಲಗಳ ಬೆಟ್ಟ, ಅದರ ಮೇಲೊಬ್ಬ ದೊಡ್ಡ ಮನುಷ್ಯ ಚಿತ್ರಾನ್ನ ತಿನ್ನುತ್ತಿದ್ದ.

“ಮಳವಳ್ಳೀದಾ? ಈಗ್ತಾನೆ ಗಾಡಿ ಓಯ್ತು ಕಣಮ್ಮ.”

“ಅಲ್ಲಿ ಮನೆಗೆ ತಲುಪಿಸ್ತಾರಾ?”

“ತಲುಪಿಸ್ಬೌದು.” ಅವನು ಮೆಣಸಿನಕಾಯಿ ಆರಿಸಿ ಪಕ್ಕಕ್ಕಿಟ್ಟ. “ಅಲ್ಲಿ ಡೆಲಿವರಿ ಮಾಡೋವ್ರ ನಂಬರ್ ಕೊಡ್ತೀನಿ, ನೀವೇ ಮಾತಾಡ್ಕಳಿ.”

ಆ ನಂಬರಿಗೆ ಫೋನ್ ಮಾಡಿದೆ. ಒಂಬತ್ತು ದಿನದಿಂದ ನಾವೆಲ್ಲ ‘ಅವನು’, ‘ಅವನು’ ಎಂದು ಬೈಯುತ್ತಿದ್ದೆವಲ್ಲ, ಎತ್ತಿದ್ದು ಒಬ್ಬ ಹೆಣ್ಣುಮಗಳು. ಪಿ.ಟಿ. ಮಿಸ್ ಮನೆ ಪಾರ್ಸೆಲ್ ಎಂದೊಡನೆ ಅವಳ ದನಿ ಪಿಸುಮಾತಿಗೆ ಇಳಿಯಿತು.

“ಅಕ್ಕ, ನೀವು ಮಿಸ್ಸಿಗೆ ಏನಾಗ್ಬೇಕು?”

“ಅವರ ಅಕ್ಕನ ಮಗಳು.”

“ಅಂಗಾದ್ರೆ ನೀವೇ ಬಂದ್ಬುಡಿ ಅಕ್ಕ, ನಿಮ್ ದಮ್ಮಯ್ಯ. ಬಸ್ ಸ್ಟ್ಯಾಂಡಲ್ಲಿ ಕೊಟ್ಬುಡ್ತೀನಿ.”

ಮರುದಿನ ಬೆಳಗ್ಗೆಯೇ ಬಸ್ಸು ಹತ್ತಿದೆ. ಮಳವಳ್ಳಿ ಸ್ಟ್ಯಾಂಡಿನಲ್ಲಿ ಸ್ಕೂಟರಿನ ಪಕ್ಕ ಮೂವತ್ತೈದರ ಹೆಣ್ಣುಮಗಳೊಬ್ಬಳು ನಿಂತಿದ್ದಳು. ತಲೆಗೆ ಹೆಲ್ಮೆಟ್ಟು, ಬೆನ್ನಿಗೆ ಅವಳಿಗಿಂತ ದೊಡ್ಡ ಚೀಲ. ವಿಷಯ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳು ಚಿಕ್ಕಮ್ಮನ ಶಿಷ್ಯೆ. ಒಂಬತ್ತನೇ ಕ್ಲಾಸಿನಲ್ಲಿ ಪ್ರಾರ್ಥನೆಗೆ ಎರಡು ನಿಮಿಷ ತಡವಾಗಿ ಬಂದದ್ದಕ್ಕೆ ಮೈದಾನ ಐದು ಸುತ್ತು ಓಡಿದವಳು.

“ಎಲ್ಡು ನಿಮ್ಸಕ್ಕೆ ಐದು ರೌಂಡು ಅಕ್ಕ! ಮೊದಲ್ನೇ ದಿನ ವ್ಯಾನೇ ಲೇಟಾಗಿ ಬಂತು. ಪಾರ್ಸಲ್ ಮೇಲೆ ಮಿಸ್ ಮನೆ ಅಂತ ಓದಿ ಕೈಕಾಲು ತಣ್ಣಗಾಯ್ತು. ನಾಳೆ ಬೆಳಿಗ್ಗೆ ಬೇಗ ಓಗನ ಅಂದ್ಕಂಡೆ. ನಾಳೆ ಆದ್ರೆ ಇನ್ನೂ ಲೇಟಾಯ್ತಲ್ಲ! ಪಾರ್ಸಲ್ ನನ್ ತಾವ ಇದ್ದಷ್ಟು ದಿನಾನೂ ಬತ್ತಿದ್ದೆ ಅಕ್ಕ, ಕಲ್ಯಾಣ ಮಂಟಪದ ಮೂಲೆಗಂಟ. ಮಿಸ್ಸು ಕುರ್ಚಿ ಆಕ್ಕೊಂಡು ಕೂತಿರೋದು ನೋಡಿ ವಾಪಸ್ ಓಗ್ತಿದ್ದೆ.”

“ಮತ್ತೆ ಮನೆಯಲ್ಲಿಲ್ಲ, ಬಾಗಿಲು ಹಾಕಿತ್ತು ಅಂತೆಲ್ಲ ಕಳಿಸ್ತಿದ್ದೆಯಲ್ಲ?”

“ಮೊಬೈಲಲ್ಲಿ ನಾಕು ಕಾರಣ ಬತ್ತದೆ, ಒಂದು ಒತ್ಲೇಬೇಕು. ‘ಮಿಸ್ಸಿಗೆ ಎದ್ರಿಕೆ’ ಅಂತ ಒತ್ತಕ್ಕೆ ಜಾಗನೇ ಇಲ್ಲ!”

“ಒಂದು ಫೋನ್ ಆದ್ರೂ ಮಾಡಬಾರದಿತ್ತಾ?”

“ದಿನಾ ಮಾಡಿವ್ನಿ ಅಕ್ಕ! ಪಾರ್ಸಲ್ ಮೇಲೆ ಇರೋದು ಸಾರ್ ನಂಬ್ರು. ಸಾರು ಒಳ್ಳೇವ್ರು, ಸದ್ದಿಲ್ದೆ ಬಂದು ಈಸ್ಕಂಡು ಓಯ್ತಾರೆ ಅಂತ. ಅವ್ರು ಎತ್ನೇ ಇಲ್ಲ.”

ಎತ್ತುವುದಾದರೂ ಹೇಗೆ? ಕ್ಲಿನಿಕ್ಕಿನವರ ಬುದ್ಧಿವಂತಿಕೆ ನೋಡಿ! ಕಿವಿ ಬಂದಿದೆ ಎಂದು ತಿಳಿಸಲು ಕಿವಿ ಕೇಳದವರ ನಂಬರು ಬರೆದಿದ್ದರು. ಅವರ ಜೇಬಿನಲ್ಲಿ ದಿನವೂ ಹೊಡೆದುಕೊಂಡ ಫೋನು ಚಿಕ್ಕಮ್ಮನಿಗೂ ಕೇಳಿಸಿರಲಿಲ್ಲ. ಅವರು ಗೇಟಿನ ಬಳಿ ಕೊರಿಯರ್‌ಗೆ ಕಾಯುತ್ತಿದ್ದರಲ್ಲ! ಗೊತ್ತಿಲ್ಲದ ನಂಬರಿನ ಮಿಸ್ಡ್ ಕಾಲುಗಳನ್ನು ಚಿಕ್ಕಪ್ಪ ಸಾಲ ಕೊಡುವವರದೆಂದು ಅಳಿಸಿಬಿಡುತ್ತಿದ್ದರಂತೆ.

ಪಾರ್ಸೆಲ್ ಮನೆಯಲ್ಲೇ ಕೊಟ್ಟು ಸಹಿ ಹಾಕಿಸಿಕೊಳ್ಳದಿದ್ದರೆ ಅವಳ ಕೆಲಸಕ್ಕೆ ತೊಂದರೆಯಂತೆ. ‘ನಾನಿದ್ದೇನೆ ಬಾ’ ಎಂದು ಧೈರ್ಯ ಹೇಳಿ ಕರೆದುಕೊಂಡು ಹೋದೆ. ಧೈರ್ಯ ಹೇಳುವುದಕ್ಕೇನು, ಮನೆ ಹತ್ತಿರವಾದಂತೆ ನಾನೇ ಅವಳ ಬೆನ್ನ ಹಿಂದೆ ಸರಿದುಕೊಂಡೆ. ಗೇಟಿಲ್ಲದ ಗೇಟಿನಲ್ಲಿ ಚಿಕ್ಕಮ್ಮ ಕುಳಿತಿದ್ದರು. ಹೆಣ್ಣುಮಗಳು ಹೆಲ್ಮೆಟ್ಟು ತೆಗೆದು, ಹಿಮ್ಮಡಿ ಕೂಡಿಸಿ, ಎದೆ ಸೆಟೆಸಿ ನಿಂತಳು. ಚಿಕ್ಕಮ್ಮ ಅವಳ ಹೆಸರನ್ನು ಇನಿಷಿಯಲ್ ಸಮೇತ ಕರೆದರು. ಇಪ್ಪತ್ತು ವರ್ಷದ ಮೇಲೆ!

“ಎಷ್ಟು ಲೇಟು?”

“ಅತ್ತು ದಿವ್ಸ, ಮಿಸ್.”

“ಕಾರಣ?”

“ನಿಮ್ಗೆ ಎದ್ರುಕೊಂಡು, ಮಿಸ್.”

ನಾನು ಕಣ್ಣು ಮುಚ್ಚಿಕೊಂಡೆ. ಎರಡು ನಿಮಿಷಕ್ಕೆ ಐದು ಸುತ್ತಾದರೆ ಹತ್ತು ದಿನಕ್ಕೆ ಎಷ್ಟು? ಮಳವಳ್ಳಿಯಿಂದ ಮೈಸೂರಿಗೆ ಓಡಿ ವಾಪಸು ಬಂದರೂ ಸಾಲದು.

ಚಿಕ್ಕಮ್ಮ ಬೈಯಲಿಲ್ಲ. ಅವಳ ಬೆನ್ನಿನ ಚೀಲವನ್ನು ನೋಡಿದರು, ಬೆವರಿಗೆ ಅಂಟಿದ ಕೂದಲನ್ನು ನೋಡಿದರು. “ಇಷ್ಟು ಎದ್ರಿಸಿದ್ನೇನವ್ವಾ ನಾನು?” ಎಂದಷ್ಟೇ ಕೇಳಿ, ಪಾರ್ಸೆಲ್ ಇಸಿದುಕೊಂಡು, “ಒಳಿಕ್ ಬಾ, ನೀರು ಕುಡಿ” ಎಂದು ಎದ್ದುಹೋದರು.

ಚಿಕ್ಕಪ್ಪ ನಡುಮನೆಯ ಬೆಂಚಿನ ಮೇಲೆ ಪೇಪರು ಮಡಿಚುತ್ತಿದ್ದರು. ನಮ್ಮನ್ನು ಕಂಡು ತಲೆಯಾಡಿಸಿದರು. ಚಿಕ್ಕಮ್ಮ ಪೊಟ್ಟಣ ಬಿಚ್ಚಲು ಹೋದರೆ ಟೇಪಿನ ಅಂಚೇ ಅವರ ಕೈಗೆ ಸಿಗಲಿಲ್ಲ. ಮೂವತ್ತು ವರ್ಷ ಶಾಟ್‌ಪುಟ್ ಹಿಡಿದ ಕೈ ಅದು. ಕೊನೆಗೆ ಪೊಟ್ಟಣವನ್ನು ಕತ್ತರಿಸಿಕೊಟ್ಟವಳು ಕೊರಿಯರ್‌ನವಳೇ. ಚಿಕ್ಕಮ್ಮ ಆ ಬಟಾಣಿಯಷ್ಟು ಮಿಷನ್ನನ್ನು ಗಂಡನ ಕಿವಿಗೆ ಮೆಲ್ಲಗೆ ಕೂರಿಸಿ, ಗುಂಡಿ ಒತ್ತಿ, ಬಗ್ಗಿ ಏನೋ ಹೇಳಿದರು. ಪಕ್ಕದಲ್ಲೇ ನಿಂತ ನನಗೂ ಕೇಳಿಸಲಿಲ್ಲ. ಬಸ್ಸು ನಿಲ್ಲಿಸುವ ಗಂಟಲಿನಲ್ಲಿ ಅಂಥ ದನಿಯೂ ಇತ್ತೆಂದು ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ.

ಚಿಕ್ಕಪ್ಪ ಕಿವಿಯನ್ನು ಹೆಂಡತಿಯ ಕಡೆಗೆ ವಾಲಿಸಿ, “ಇನ್ನೊಂದ್ಸಲ ಏಳು” ಎಂದರು.

ಚಿಕ್ಕಮ್ಮನ ಮುಖ ಬಾಡಿಹೋಯಿತು. “ಕೇಳಿಸ್ನಿಲ್ವಾ?”

“ಕೇಳಿಸ್ತು ಕಣೇ. ಚೆನ್ನಾಗೇ ಕೇಳಿಸ್ತು. ಇನ್ನೊಂದ್ಸಲ ಏಳು ಅಂದೆ.”

ಚಿಕ್ಕಮ್ಮ ನಮ್ಮಿಬ್ಬರ ಕಡೆ ಒಮ್ಮೆ ನೋಡಿದರು. ಸೆರಗಿನಿಂದ ಕಣ್ಣು ಒರೆಸಿಕೊಂಡು ಈ ಸಲ ತುಸು ಗಟ್ಟಿಯಾಗಿಯೇ ಹೇಳಿದರು:

“ಒಬ್ಳೇ ಮಾತಾಡಿ ಮಾತಾಡಿ ಸಾಕಾಗೋಗಿತ್ತು ಕಣ್ರೀ.”

ಚಿಕ್ಕಪ್ಪ ಪೇಪರನ್ನು ಕೆಳಗಿಟ್ಟು, ಬೆಂಚಿನ ಮೇಲೆ ಪಕ್ಕಕ್ಕೆ ಸರಿದು ಹೆಂಡತಿಗೆ ಜಾಗ ಮಾಡಿಕೊಟ್ಟರು.