ದೇವರಿಗೆ ‘ಲೋ’ ಎನ್ನುವ ಆಳು

ನನ್ನ ಮೈದುನನಿಗೆ ತಲೆ ಕೆಟ್ಟಿದೆ ಎಂದು ಪರದೇಶದ ಈ ಮೆಟುಚೆನ್ ಊರಿನ ನಮ್ಮ ಕನ್ನಡದ ಜನ ಆಡಿಕೊಳ್ಳುತ್ತಿದ್ದರು. ಸುಳ್ಳು! ಕೆಡುವುದಕ್ಕೆ ತಲೆ ಇರಬೇಕಲ್ಲ?

ಮದುವೆಯಿಲ್ಲದ ಗಂಡಸು, ನಮ್ಮ ಮನೆಯಲ್ಲೇ ಇದ್ದ. ಹೋಬೋಕನ್ ಊರಿನಲ್ಲಿ ಅವನ ಜೊತೆ ಕೆಲಸ ಮಾಡುತ್ತಿದ್ದ ಜಾವಾದವನೊಬ್ಬ ತನ್ನ ದೇಶದ ತೊಗಲುಗೊಂಬೆ ಆಡಿಸುವುದನ್ನು ಕಲಿಸಿಕೊಟ್ಟ. ಅಲ್ಲಿಗೆ ಹಾಳಾದ! ಒಂದು ದಿನ ದೀಪ ಹಚ್ಚಲು ಹೋದರೆ, ದೇವರ ಗೂಡಿನಲ್ಲಿ ವೆಂಕಟರಮಣನ ಪಕ್ಕ ಒಂದು ಡೊಳ್ಳುಹೊಟ್ಟೆ, ದಪ್ಪ ಕುಂಡೆ, ಅಳುಮೋರೆಯ ಗೊಂಬೆ ನಿಂತಿದೆ!

“ದೇವರ ಹತ್ರ ಚರ್ಮ ತಂದಿಟ್ಟಿದ್ದೀಯಲ್ಲೋ! ಯಾವನೋ ಈ ಕೋಡಂಗಿ?”

“ಜಾವಾದವರ ಭಾರತದಲ್ಲಿ ಪಾಂಡವರ ಮನೆ ಆಳು ಅತ್ತಿಗೆ. ಎಲ್ರನ್ನೂ ನಗಿಸ್ತಾನೆ. ಆದ್ರೆ ನಿಜವಾಗ್ಲೂ ದೇವರು, ಇಂದ್ರನಿಗಿಂತ ದೊಡ್ಡೋನು.”

“ದೊಡ್ಡೋನಾದ್ರೆ ಪಂಚೆ ಸರಿಯಾಗಿ ಉಟ್ಕೊಳ್ಳೋಕೆ ಹೇಳು.”

ಬೂಟಿನ ಕ್ಲಾಸೆಟ್ಟಿಗೆ ಹಾಕಿದೆ. ಮರುದಿನ ಅದು ಮತ್ತೆ ಗೂಡಿನಲ್ಲಿ. ವೆಂಕಟರಮಣನೇ ಪಕ್ಕಕ್ಕೆ ಸರಿದಿದ್ದ!

ಆಮೇಲೆ ಮೈದುನ ಮನೆಯಲ್ಲೂ ಆ ಆಳಿಗೆ ಕೊಡುವ ಗೊಗ್ಗರು ದನಿಯಲ್ಲೇ ಮಾತಾಡತೊಡಗಿದ. ಫೋನಿನಲ್ಲಿ ಅದನ್ನು ಕೇಳಿ, ಅವನ ಸ್ವಂತ ಅಣ್ಣ, ನಮ್ಮ ಯಜಮಾನರೇ ರಾಂಗ್ ನಂಬರ್ ಎಂದು ಇಟ್ಟುಬಿಟ್ಟರು! ನಾಟಕ ಸಾಕು ಮಾಡೋ ಎಂದೆವು. ನಾಟಕವಾಗಿರಲಿಲ್ಲ. ಗಂಟಲಿನ ಕ್ಯಾನ್ಸರ್. ದನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು.

“ಆಪರೇಷನ್‌ಗೆ ಮುಂಚೆ ಒಂದೇ ಒಂದು ಆಟ ಆಡಿಸ್ತೀನಿ ಅತ್ತಿಗೆ. ಆಳು ನನ್ನ ಬಾಯಲ್ಲಿ ಒಂದ್ಸಲ ಮಾತಾಡ್ಲಿ.”

“ಆಡಿಸು. ಉಪ್ಪಿಟ್ಟು ನಾನು ಮಾಡ್ತೀನಿ. ಆಟ ಕೆಟ್ರೂ ಜನಕ್ಕೆ ಅದಾದ್ರೂ ಇರುತ್ತೆ.”

ಬೇಸ್‌ಮೆಂಟಿನಲ್ಲಿ ಬೆಡ್‌ಶೀಟು ಕಟ್ಟಿದೆವು. ಗೊಂಬೆ ಎತ್ತಿಕೊಡಲು ನಾನು ಹಿಂದೆ ಕುಳಿತೆ. ಆಟದ ಕಟ್ಟಳೆಯನ್ನು ಅವನು ಮೊದಲೇ ಹೇಳಿದ್ದ: ಪಾಂಡವರು ಕೈಮುಗಿದು ದೇವರಿಗೆ ‘ತಾವು’ ಎನ್ನಬೇಕು. ಆಳು ಮಾತ್ರ ‘ಲೋ’ ಎನ್ನಬಹುದು.

ಅರ್ಜುನನ ಮಾತು ಹೇಗೋ ಮುಗಿಯಿತು. ಇಂದ್ರ ಇಳಿದು ಬಂದ. ಆಳು ಮುಂದೆ ಬಂದು ಕೈಯೆತ್ತಿದ. ಮೈದುನ ಬಾಯಿ ತೆರೆದ. ಬರೀ ಗಾಳಿ. ಇನ್ನೊಮ್ಮೆ ತೆರೆದ. ಆಚೆ ಕಡೆಯಿಂದ ಮಕ್ಕಳು, “ಈಸ್ ಇಟ್ ಓವರ್?” ಎಂದವು.

ಕಥೆಯ ಮಾತು ನನಗೇನು ಗೊತ್ತು? ಬೈಯುವುದು ಗೊತ್ತಿತ್ತು.

“ಲೋ ಇಂದ್ರ! ಸ್ವರ್ಗದಲ್ಲಿ ಅಷ್ಟೊಂದು ಗಂಧರ್ವರು ಅರಚ್ಕೊಂಡು ಬಿದ್ದಿದ್ದಾರಲ್ಲ, ಸಾಲ್ದೇನೋ? ಈ ಬಡಪಾಯಿ ಗಂಟಲೂ ಬೇಕೇನೋ ನಿಂಗೆ?”

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೈದುನ ನಗಲಿಲ್ಲ. ನನ್ನ ಮಾತಿಗೆ ತಕ್ಕಂತೆ ಒಂದು ಕೈಯಲ್ಲಿ ಆಳನ್ನು ಕುಣಿಸುತ್ತಾ, ಇನ್ನೊಂದು ಕೈಯಲ್ಲಿ ನನ್ನ ಸೆರಗು ಹಿಡಿದು ಜಗ್ಗಿದ, ಇನ್ನೂ ಬೈಯಿರಿ ಎಂಬಂತೆ.

ಬೈದೆ.