ಮೂರು ವಿಳಾಸದ ಸಂಸಾರ

ಗಂಡ ಅಂದ್ರ ಮನ್ಯಾಗ ಸಿಗಬೇಕು ಅನ್ನೂದು ಉಜ್ವಲಾಳ ಹಟ. ಗುರುಶಾಂತ ಸಿಗತಿದ್ದದ್ದು ಸೋಲಾಪುರದ ತನ್ನ ಕಂಪ್ಯೂಟರ್ ಕ್ಲಾಸಿನ್ಯಾಗ ಮಾತ್ರ. ಅಲ್ಲಿ ಕಂಪ್ಯೂಟರ್ ಎಂಟು, ಇಂಟರ್ನೆಟ್ಟಿಗೆ ಹೋಗಾಕ ಕಂಪನಿಯವರು ಕೊಟ್ಟ ನಂಬರಿನ ವಿಳಾಸ ಮೂರು. (ತೊಂಬತ್ತೊಂಬತ್ತರ ಮಾತು; ಮೂರು ಸಿಕ್ಕಿದ್ದೇ ಪುಣ್ಯ.)

ಗುರುಶಾಂತ ಜಾಣ. ಹಳೇ ಡಬ್ಬಾ ಮಷೀನಿಗೆ ಪುಕ್ಕಟೆ ಸಿಗೋ ಲಿನಕ್ಸ್ ಅನ್ನೋ ಸಾಫ್ಟ್‌ವೇರ್ ಹಾಕಿ ಮೂರೂ ವಿಳಾಸ ಅದರ ಕೈಗೆ ಒಪ್ಪಿಸಿದ. ಯಾರು ಹೊರಗ ಹೊಂಟರೂ ಅದು ಒಂದು ವಿಳಾಸ ಕೊಡೂದು, ಕೆಲಸ ಮುಗೀತಂದ್ರ ಕಸಗೊಂಡು ಇನ್ನೊಬ್ಬರಿಗೆ ಕೊಡೂದು. ನಾಕನೇದವರು ಕಾಯೂದು.

ಇವತ್ತು ಮೂಲ್ಯಾಗಿನ ಮಷೀನು ಒಂದು ವಿಳಾಸ ಹಿಡಕೊಂಡು ಮಿಸುಕಾಡವಲ್ದು. ಮೇಲ್ ನೋಡಾಕ ಬಂದ ಗಿರಾಕಿ ಶಂಕರೆಪ್ಪ ಕಾದು ಕಾದು ಒದರಾಡಾಕತ್ತಿದ್ದ.

"ಸುಮ್ಮನ ಕೂತವರಿಗೆ ವಿಳಾಸ ಇಲ್ಲ!" ಅಂತ ಸರಕಾರಿ ಗತ್ತಿನ್ಯಾಗ ಲಿನಕ್ಸ್ ಡಬ್ಬಾಕ್ಕ ಹೊಸ ಆಜ್ಞಾ ಹೊರಡಿಸಿ, ಗುರುಶಾಂತ ಒಳಗಿನ ಖೋಲಿಯಿಂದಲೇ ಆ ಮಷೀನಿನ ಲೈನ್ ಕಡದುಬಿಟ್ಟ.

"ಅಯ್ಯ! ಯಾರ್ರಿ ಅದು?"

ಉಜ್ವಲಾಳ ದನಿ! ಊಟದ ಡಬ್ಬಿ ತಂದಾಕಿ ಯಾವಾಗ ಅಲ್ಲಿ ಕೂತಿದ್ದಳೋ. ಓಡಿ ಹೋಗಿ ನೋಡಿದ. ಒಂದೇ ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ ಆಕಿ ಗಂಡಗೇ ಮೇಲ್ ಬರಿಯಾಕತ್ತಿದ್ದಳು: 'ನಾಳೆ ಅಕ್ಕಲಕೋಟಿಗೆ ತವರಮನಿಗೆ ಹೋಗ್ತೀನಿ. ನೀವು'. ಮುಂದ ಪಡದೆ ಗಪ್ಪಾಗಿತ್ತು.

ಗುರುಶಾಂತ ಓದಿ ತಿಳಕೊಂಡದ್ದು ಇಷ್ಟ: ಹೆಂಡತಿ ಸಿಟ್ಟಾಗಿ ತವರಿಗೆ ಹೊಂಟಾಳ! ನಾಕು ಮಂದ್ಯಾಗ ಆಕಿ ಹೆಸರು ಹಿಡಿಯಾಕೂ ನಾಚತಿದ್ದ ಮನಷ್ಯಾ, ಗಿರಾಕಿಗಳ ನಡುವ ಕೈ ಮುಗದ.

"ಉಜ್ವಲಾ, ಹೋಗಬ್ಯಾಡ. ನೀ ಇಲ್ಲದ ಮನ್ಯಾಗ ನನಗ ತುತ್ತು ಇಳಿಯಂಗಿಲ್ಲ. ದಿನಾ ಸಂಜಿ ಆರಕ್ಕ ಕ್ಲಾಸ್ ಬಂದ್ ಮಾಡಿ ಮನಿಗೆ ಬರ್ತೀನಿ. ನಿನ್ನಾಣಿ!"

ಗಿರಾಕಿಗಳ ಕೈ ಕೀಲಿಮಣಿ ಮ್ಯಾಲೆ ಹಂಗ ನಿಂತವು. ಯಾರೂ ಏನೂ ಒತ್ತವಲ್ರು. ಹೊಸ ಆಜ್ಞಾದ ಪ್ರಕಾರ ಉಳಿದ ಎರಡು ವಿಳಾಸನೂ ತೆರವಾದವು, ಆದ್ರ ಶಂಕರೆಪ್ಪಗ ಅದರ ಖಬರೇ ಇಲ್ಲ. ಅಂವ ಖುರ್ಚಿ ಇತ್ತಾಗ ತಿರುಗಿಸಿ ಕೂತಿದ್ದ.

ಉಜ್ವಲಾ ಸೆರಗಿನ್ಯಾಗ ನಗು ಮುಚ್ಚಿಕೊಂಡಳು. "ಅವ್ವ ಇಬ್ಬರನ್ನೂ ಊಟಕ್ಕ ಕರದಾಳ್ರಿ. 'ನೀವು ನನ್ನ ಜೋಡಿ ಬರ್ರಿ' ಅಂತ ಬರಿಯೂದ್ರಾಗ ನೀವೇ ಕಡದ್ರಿ. ಬಾಯಿಲೆ ಹೇಳಿದ್ರ ಕೇಳಂಗಿಲ್ಲ, ಕಂಪ್ಯೂಟರಿನ್ಯಾಗಾದ್ರೂ ಕೇಳ್ತೀರಿ ಅಂತ ಕೂತಿದ್ದೆ."

"ಹಂಗಾರ ಆ ಆರರ ಮಾತು..." ಗುರುಶಾಂತ ತಡವರಿಸಿದ.

"ಅದು ಎಲ್ಲಿ ಹೋಗ್ತದ?" ಶಂಕರೆಪ್ಪ ಎದ್ದು ನಿಂತ. "ಇಷ್ಟು ಮಂದಿ ಸಾಕ್ಷಿ ಅದೀವಿ. ತಂಗಿ, ನೀ ಚಿಂತಿ ಮಾಡಬ್ಯಾಡ. ದಿನಾ ಆರಕ್ಕ ಬಂದು ನಾನೇ ಶಟರ್ ಎಳೀತೀನಿ!"