ಬೆಳಕಿಲ್ಲದ ಸೈಕಲ್ಲೂ ನಮ್ಮತ್ತೆಯ ಸಿಟ್ಟೂ

ಚಂದ್ರನ ಮೇಲಿಂದ ನೋಡಿದರೆ ಹಾಸನ ಜಿಲ್ಲೆಯಲ್ಲಿ ಕಾಣುವುದು ಎರಡೇ ಎರಡು: ಹೇಮಾವತಿ ಹೊಳೆ ಮತ್ತು ನನ್ನ ಸೋದರತ್ತೆ. ಬೇಸಿಗೆಯಲ್ಲಿ ಹೊಳೆ ಕಾಣುವುದು ಅನುಮಾನ. ಅತ್ತೆಯ ಬಗ್ಗೆ ಮಾತ್ರ ಅನುಮಾನವೇ ಬೇಡ!

ಸೂರ್ಯ ಮುಳುಗುತ್ತಿದ್ದಂತೆ ಅತ್ತೆ ಹಾಲಿನ ಕ್ಯಾನನ್ನು ಕ್ಯಾರಿಯರಿಗೆ ಕಟ್ಟಿ ಸೈಕಲ್ ಹತ್ತುತ್ತಾಳೆ. ಸೀರೆಯ ಮೇಲೆ, ರಸ್ತೆ ಕೆಲಸದವರು ಹಾಕುತ್ತಾರಲ್ಲ, ಆ ಗಿಳಿಹಸಿರು ಬಣ್ಣದ ಮಿಂಚುವ ಜಾಕೆಟ್ಟು. ಸೈಕಲ್ಲಿನ ಮುಂದೆ ಬಿಳಿ ದೀಪ, ಹಿಂದೆ ಮಿಣಮಿಣ ಎನ್ನುವ ಕೆಂಪು ದೀಪ. ಪೆಡಲ್ಲಿಗೆ, ಮಡ್‌ಗಾರ್ಡಿಗೆ, ಹಾಲಿನ ಕ್ಯಾನಿಗೆ, ಬೆಳಕು ಬಿದ್ದರೆ ಝಗ್ಗೆನ್ನುವ ರೇಡಿಯಂ ಪಟ್ಟಿ. ಮೇಯಲು ಹೋಗಿ ತಡವಾಗಿ ಬರುವ ಎಮ್ಮೆಯ ಕೊಂಬಿಗೂ ಅದೇ ಪಟ್ಟಿ. ಸಂಜೆ ಅರಳಿಕಟ್ಟೆಗೆ ಹೋಗಿಬರುವ ಮಾವನ ಊರುಗೋಲಿಗೂ ಅದೇ ಪಟ್ಟಿ. “ನಂಗೂ ಎಮ್ಮೆಗೂ ಒಂದೇ ಯೂನಿಫಾರಂ ಕಣಮ್ಮ” ಎಂದು ಮಾವ ಒಮ್ಮೆ ನನ್ನ ಹತ್ತಿರ ದುಃಖ ತೋಡಿಕೊಂಡರು. ಅದೂ ಅತ್ತೆ ಹತ್ತಿರ ಇಲ್ಲದಾಗ!

ಅತ್ತೆ ಸೈಕಲ್ ಕಲಿತಿದ್ದೂ ಸಿಟ್ಟಿನಿಂದಲೇ. ಮಂಡಿನೋವು ತೋರಿಸಲು ಹಾಸನಕ್ಕೆ ಬಂದಾಗ ಡಾಕ್ಟರು, “ನಡೆಯೋದು ಕಮ್ಮಿ ಮಾಡಿ, ಸೈಕಲ್ ತುಳೀರಿ” ಎಂದರು. ಅವರು ಹೇಳಿದ್ದು ಮನೆಯೊಳಗೆ ನಿಂತಲ್ಲೇ ನಿಂತಿರುವ ಸೈಕಲ್ಲಿನ ವಿಷಯ. “ತುಳುದ್ರೂ ಮುಂದಕ್ಕೆ ಓಗ್ದೇ ಇರೋ ಸೈಕಲ್ಲಾ? ಯಾರ್ನ ಮಂಗ ಮಾಡ್ತಾನೆ ಅವ್ನು?” ಎಂದು ರೇಗಿದ ಅತ್ತೆ, ಮಗಳಿಗೆ ಸ್ಕೂಲಿನಲ್ಲಿ ಕೊಟ್ಟಿದ್ದ, ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುತ್ತಿದ್ದ ಸೈಕಲ್ಲನ್ನು ಹೊರಗೆಳೆದಳು. ಐವತ್ತೈದು ದಾಟಿದ ಹೆಂಗಸು ಸೀರೆ ಎತ್ತಿ ಕಟ್ಟಿ ಕಣದಲ್ಲಿ ಸೈಕಲ್ ಕಲಿಯುವುದನ್ನು ನೋಡಲು ಊರಿಗೆ ಊರೇ ನೆರೆಯಿತು. ನಕ್ಕವರನ್ನೆಲ್ಲ ಅತ್ತೆ ಬೀಳುತ್ತಾ ಏಳುತ್ತಾ ಬೈದಳು. ಬೈಗುಳ ಮುಗಿಯುವಷ್ಟರಲ್ಲಿ ಸೈಕಲ್ ಬಂದುಬಿಟ್ಟಿತ್ತು!

ಆದರೆ ಅಸಲಿ ಸಿಟ್ಟು ಶುರುವಾದದ್ದು ರಸ್ತೆಗಿಳಿದ ಮೇಲೆ. ಡೈರಿಗೆ ಹೋಗಬೇಕಾದರೆ ಹೊಳೆನರಸೀಪುರದ ಮೇನ್ ರೋಡಿನಲ್ಲಿ ಸ್ವಲ್ಪ ದೂರ ಹೋಗಬೇಕು. ಚಳಿಗಾಲದಲ್ಲಿ ಆರೂವರೆಗೆಲ್ಲ ಗವ್ವೆನ್ನುವ ಕತ್ತಲು. ಆ ಕತ್ತಲಲ್ಲಿ ದೀಪವಿಲ್ಲದೆ ಬರುವವರೆಷ್ಟು, ಕಿವಿಗೆ ಫೋನಿಟ್ಟು ಒಂದೇ ಕೈಯಲ್ಲಿ ಬರುವವರೆಷ್ಟು, ಸುತ್ತು ತಪ್ಪುತ್ತದೆಂದು ರಾಂಗ್ ಸೈಡಿನಲ್ಲಿ ಎದುರಿಗೇ ನುಗ್ಗುವವರೆಷ್ಟು! ಅತ್ತೆ ಬಿಟ್ಟಾಳೆಯೇ? ಅಡ್ಡ ಹಾಕಿ ನಿಲ್ಲಿಸುತ್ತಾಳೆ.

“ಏನ್ಲಾ, ಕರೀ ಅಂಗಿ ಆಕ್ಕೊಂಡು ಕತ್ಲೆ ಒಳ್ಗೆ ಬತ್ತಿದ್ದೀಯಲ್ಲ, ಯಾರ್ ಕಣ್ಗೂ ಬೀಳ್ಬಾರ್ದು ಅಂತ ಏನ್ ಕದ್ಕೊಂಡು ಬಂದಿದ್ದೀಯ?”

“ಕದಿಯಾಕೆ ಏನೈತಕ್ಕ, ಗದ್ದೆತಾವಿಂದ ಬತ್ತಾ ಇವ್ನಿ. ನಂಗೆ ರೋಡು ಚೆನ್ನಾಗೇ ಕಾಣ್ತದೆ.”

“ನಿಂಗೆ ರೋಡು ಕಾಣೋದಲ್ಲ ಕಣ್ಲಾ, ರೋಡ್ನಾಗೆ ನೀನು ಕಾಣ್ಬೇಕು!”

ಇದಕ್ಕಿಂತ ಸರಿಯಾದ ಮಾತನ್ನು ನಾನು ಯಾವ ಸರ್ಕಾರಿ ಬೋರ್ಡಿನಲ್ಲೂ ಓದಿಲ್ಲ. ಅವನು ಮರುಮಾತು ಹುಡುಕುವಷ್ಟರಲ್ಲಿ ಅವನ ಮಡ್‌ಗಾರ್ಡಿನ ಮೇಲೆ ಕೆಂಪು ಪಟ್ಟಿಯೊಂದು ಅಂಟಿರುತ್ತದೆ. ಅತ್ತೆಯ ಬ್ಯಾಗಿನಲ್ಲಿ ಎಲೆಅಡಿಕೆ ಮರೆತುಹೋಗಬಹುದು, ಪಟ್ಟಿ ಮತ್ತು ಕತ್ತರಿ ಮರೆಯುವ ಹಾಗೇ ಇಲ್ಲ.

ಒಂದು ಸಂಜೆ ಲಾರಿಯವನೊಬ್ಬ ಅತ್ತೆಯ ಜಾಕೆಟ್ ನೋಡಿ ರಸ್ತೆ ಕಾಮಗಾರಿಯ ಮೇಡಮ್ಮೇ ಇರಬೇಕೆಂದುಕೊಂಡ. ಗಾಡಿ ನಿಲ್ಲಿಸಿ, “ಮೇಡಂ, ಚನ್ನರಾಯಪಟ್ಟಣಕ್ಕೆ ಯಾವ್ ಕಡೆ ಡೈವರ್ಷನ್ ಕೊಟ್ಟಿದ್ದೀರಾ?” ಎಂದು ಕೇಳಿದ. ಅತ್ತೆ ನೇರ ಲಾರಿಯ ಹಿಂದಕ್ಕೆ ನಡೆದಳು. ಹಿಂದಿನ ದೀಪ ಒಂದೂ ಉರಿಯುತ್ತಿರಲಿಲ್ಲ. “ಮೊದ್ಲು ಇದ್ನ ಸರಿ ಮಾಡ್ಸು, ಆಮ್ಯಾಕೆ ದಾರಿ ಯೋಳ್ತೀನಿ” ಎಂದಳು. ಪಾಪ, ಅವನು ಕೈಮುಗಿದು, ಅಲ್ಲೇ ಹತ್ತಿರದ ಗ್ಯಾರೇಜಿನಲ್ಲಿ ದೀಪ ಹಾಕಿಸಿಕೊಂಡು ಬಂದು ದಾರಿ ಕೇಳಿಕೊಂಡು ಹೋದ. ನಿಜವಾದ ಅಧಿಕಾರಿ ಬಂದಿದ್ದರೆ ಇಷ್ಟು ಹೆದರುತ್ತಿದ್ದನೇ?

ಹಾಸನದ ಸೈಕಲ್ ಅಂಗಡಿಯೊಂದಕ್ಕೆ ಅತ್ತೆಯನ್ನು ಕರೆದುಕೊಂಡು ಹೋದದ್ದು ನಾನು ಮಾಡಿದ ಒಂದು ಸಾಹಸ. ಅಂಗಡಿಯ ತುಂಬ ಗೇರ್ ಸೈಕಲ್ಲುಗಳು. ಅತ್ತೆ ಒಂದೊಂದನ್ನೂ ಸುತ್ತಿ ನೋಡಿದಳು. “ಇದಕ್ಕೆ ಲೈಟೆಲ್ಲಪ್ಪ?”

“ಇದಕ್ಕೆ ಲೈಟ್ ಬರಲ್ಲಮ್ಮ.”

“ಬೆಲ್ಲು?”

“ಬೇಕಾದ್ರೆ ನೀವೇ ಹಾಕ್ಸ್ಕೋಬೇಕು. ಇದು ಸ್ಪೋರ್ಟ್ಸ್ ಸೈಕಲ್ ಅಮ್ಮ.”

“ಲೈಟಿಲ್ದೆ ರೋಡ್ಗೆ ಓಗಿ ಸಾಯೋದೂ ಸ್ಪೋರ್ಟ್ಸೇನಪ್ಪ?”

ಅಂಗಡಿಯವನ ಮುಖ ನೋಡಲಾಗಲಿಲ್ಲ. ನನಗೆ ನಾಚಿಕೆಯಾಯಿತು ಎಂದು ಬರೆಯಬೇಕೆಂದಿದ್ದೆ. ಸುಳ್ಳೇಕೆ, ನನಗೂ ಸಿಟ್ಟೇ ಬಂತು. ಹನ್ನೆರಡು ಗೇರು ಹಾಕಲು ತಲೆ ಓಡುತ್ತದೆ, ಒಂದು ಪುಟ್ಟ ದೀಪ ಹಾಕಲು ಓಡುವುದಿಲ್ಲವೇ?

ಇನ್ನು ಅಳಿಯನ ಪ್ರಸಂಗ. ನಮ್ಮ ಕಡೆ ಅಳಿಯನೆಂದರೆ ಕೇಳಬೇಕೇ? ಕೂರಲು ಹೇಳುವುದಕ್ಕೂ ಬಹುವಚನ. ಅತ್ತೆಯ ಅಳಿಯ ಹೊಸ ಕಾರು ಕೊಂಡು, ಚನ್ನರಾಯಪಟ್ಟಣದಿಂದ ಹೆಂಡತಿ ಸಮೇತ ಹಬ್ಬಕ್ಕೆ ಬರುತ್ತಿದ್ದರು. ಮುಸ್ಸಂಜೆ ದಾಟಿತ್ತು. ಊರ ತಿರುವಿನಲ್ಲಿ ಹಸಿರು ಆಕೃತಿಯೊಂದು ಸೈಕಲ್ ಇಳಿದು, ರಸ್ತೆಯ ಅಂಚಿನಲ್ಲಿ ಕಣ್ಣಿಗೆ ಕೈ ಅಡ್ಡ ಹಿಡಿದು ಕೂಗುತ್ತಿತ್ತು: “ಯಾರ್ಲಾ ಅದು, ಮೂತಿಗೆ ಸೂರ್ಯನ್ನ ಕಟ್ಕೊಂಡು ಬತ್ತಿರೋನು? ಡಿಮ್ ಮಾಡ್ಲಾ!”

ಕಾರು ನಿಂತಿತು. ಗಾಜು ಇಳಿಯಿತು. “ಅತ್ತೆ, ನಾನು” ಎಂದಿತು ಒಳಗಿನ ದನಿ.

ಬೇರೆ ಯಾರಾದರೂ ಆಗಿದ್ದರೆ ಭೂಮಿ ಬಾಯಿ ಬಿಡಲಿ ಎನ್ನುತ್ತಿದ್ದರು. ಅತ್ತೆ ಕಣ್ಣಿಗೆ ಹಿಡಿದ ಕೈ ಇಳಿಸಿದಳು, ಅಷ್ಟೇ. “ಓ, ನೀವಾ? ಡಿಮ್ ಮಾಡಿ ಬನ್ನಿ!” ಬಹುವಚನವೊಂದೇ ರಿಯಾಯಿತಿ!

ಅಳಿಯ ಮುನಿಸಿಕೊಂಡು ಒಬ್ಬಟ್ಟಿನ ಎಲೆಯ ಮುಂದೆ ಕೂರಲಿಲ್ಲ. ಮಗಳು ಅತ್ತಳು, ಮಾವ ಬೇಡಿಕೊಂಡರು. ಅತ್ತೆ ಮಾತ್ರ, “ಎದ್ರಿಗೆ ಬರೋ ಸೈಕಲ್ನೋನ್ಗೆ ಕಣ್ ಕತ್ಲೆ ಬಂದು ಚರಂಡಿಗೆ ಬಿದ್ರೆ ಅವನ ಎಂಡ್ತೀನೂ ಅಳ್ತಾಳೆ” ಎಂದು ಹೇಳಿ ತುಪ್ಪ ತರಲು ಒಳಗೆ ಹೋದಳು. ತುಪ್ಪದ ಘಮ ಬಂದ ಮೇಲೆ ಅಳಿಯ ಕೂತರು. ಈಗ ಅವರು ಎದುರಿಗೆ ಮಿಣುಕುಹುಳು ಬಂದರೂ ಡಿಮ್ ಮಾಡುತ್ತಾರೆ.

ಹೀಗೆ ಊರನ್ನೆಲ್ಲ ಗೆದ್ದ ಅತ್ತೆಗೆ ಸೋಲು ಕಾದಿದ್ದು ಸ್ವಂತ ಮೈದುನನ ಹತ್ತಿರ. ಅವರು ಮಾವನ ತಮ್ಮ, ನನಗೆ ಚಿಕ್ಕಮಾವ. ಗದ್ದೆಯ ಬದುವಿನ ಮೇಲಿದ್ದ ಹಲಸಿನ ಮರ ಯಾರದ್ದು ಎಂದು ಎರಡೂ ಮನೆಗೆ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು. ಮರ ಗಾಳಿಗೆ ಬಿದ್ದುಹೋಯಿತು. ಜಗಳ ಮಾತ್ರ ಚಿಗುರುತ್ತಲೇ ಇತ್ತು. ಚಿಕ್ಕಮಾವ ಕೆರೆಯ ಆಚೆ ದಡದಲ್ಲಿ ಮನೆ ಕಟ್ಟಿಕೊಂಡು, ದಿನಾ ಸಂಜೆ ಏರಿಯ ಮೇಲಿನ ರಸ್ತೆಯಲ್ಲಿ ದೀಪವಿಲ್ಲದ ಹಳೇ ಸೈಕಲ್ಲಿನಲ್ಲಿ ಡೈರಿಗೆ ಬಂದು ಹೋಗುತ್ತಿದ್ದರು. ಇಬ್ಬರೂ ಡೈರಿಯಲ್ಲಿ ಅಕ್ಕಪಕ್ಕವೇ ನಿಲ್ಲುತ್ತಿದ್ದರು. ಮಾತು ಮಾತ್ರ ಹಾಲು ಅಳೆಯುವ ಸೆಕ್ರೆಟರಿಯ ಮೂಲಕ!

“ಸೆಕ್ರೆಟ್ರಿ, ಸೈಕಲ್ಗೆ ಒಂದು ಲೈಟ್ ಆಕ್ಸ್ಕೊಳ್ಳಕೆ ಏನ್ ದಾಡಿ ಅಂತ ಕೇಳಪ್ಪ ಅವ್ರನ್ನ.”

“ನನ್ ಸೈಕಲ್ಲು, ನನ್ನಿಷ್ಟ ಅಂತ ಯೋಳಪ್ಪ ಅವ್ರಿಗೆ.”

“ಪಟ್ಟಿನಾದ್ರೂ ಅಂಟಿಸ್ತೀನಿ ಅಂತ ಯೋಳು.”

“ನನ್ ಸೈಕಲ್ ಮುಟ್ಟುದ್ರೆ ಸರಿಗಿರಕಿಲ್ಲ ಅಂತ ಯೋಳು!”

ಇಬ್ಬರ ನಡುವೆ ಕತ್ತು ತಿರುಗಿಸಿ ತಿರುಗಿಸಿ ಸೆಕ್ರೆಟರಿಗೆ ಕತ್ತುನೋವು ಬಂದಿತ್ತು.

ಆವತ್ತು ಶನಿವಾರ. ನಾನು ಹಾಸನದಿಂದ ಸ್ಕೂಟರಿನಲ್ಲಿ ಬಂದವಳು ಅತ್ತೆಯ ಜೊತೆ ಡೈರಿಗೆ ಹೋಗಿದ್ದೆ. ಚಿಕ್ಕಮಾವ ಹಾಲು ಹಾಕಿ ಹೊರಟು ಸ್ವಲ್ಪ ಹೊತ್ತಾಗಿತ್ತು. ಕೆರೆ ಏರಿಯ ಕಡೆಯಿಂದ ಬ್ರೇಕ್ ಕಿರುಚಿದ ಸದ್ದು, ಅದರ ಬೆನ್ನಿಗೇ ಕಬ್ಬಿಣ ಉರುಳಿದ ಸದ್ದು. ನಾನು ಸ್ಕೂಟರ್ ಸ್ಟಾರ್ಟ್ ಮಾಡುವಷ್ಟರಲ್ಲಿ ಅತ್ತೆ ಸೈಕಲ್ಲಿನಲ್ಲಿ ಅರ್ಧ ದಾರಿ ಮುಟ್ಟಿದ್ದಳು.

ಏರಿಯ ತಿರುವಿನಲ್ಲಿ ತೆಂಗಿನಕಾಯಿ ತುಂಬಿದ ಗೂಡ್ಸ್ ಗಾಡಿ ಅಡ್ಡಾದಿಡ್ಡಿ ನಿಂತಿತ್ತು. ರಸ್ತೆಯ ಅಂಚಿನಲ್ಲಿ ಚಿಕ್ಕಮಾವ ಬಿದ್ದಿದ್ದರು. ಕಾಲು ತಿರುಚಿಕೊಂಡಿತ್ತು, ಹಣೆಯಿಂದ ರಕ್ತ. ಡ್ರೈವರ್ ಒಂದೇ ಮಾತು ಹೇಳುತ್ತಿದ್ದ: “ಕಾಣ್ಲಿಲ್ಲ ಕಣಮ್ಮ, ದೇವ್ರಾಣೆ ಕಾಣ್ಲಿಲ್ಲ.”

ಸೇರಿದ ಜನರೂ ತಲೆಯಾಡಿಸಿದರು. “ಪಾಪ, ಅವ್ನೇನ್ ಮಾಡ್ತಾನೆ, ಕಾಣ್ಲಿಲ್ವಂತೆ!” ನನಗೆ ಮೈಯೆಲ್ಲ ಉರಿಯಿತು. ಕಾಣಲಿಲ್ಲ ಎಂದುಬಿಟ್ಟರೆ ಮುಗಿಯಿತೇ? ಕಾಣುವ ಹಾಗೆ ಬರುವುದು ಒಬ್ಬನ ಕೆಲಸವಲ್ಲವಂತೆ, ನೋಡಿಕೊಂಡು ಬರುವುದು ಇನ್ನೊಬ್ಬನ ಕೆಲಸವಲ್ಲವಂತೆ. ಹಾಗಾದರೆ ಇನ್ಯಾರ ಕೆಲಸ?

ಅತ್ತೆ ಕಿರುಚಲಿಲ್ಲ. ನಾನು ಎಂದೂ ಕೇಳದಷ್ಟು ತಣ್ಣಗಿನ ದನಿಯಲ್ಲಿ ಹೇಳಿದಳು: “ಕಣ್ ಕಾಣ್ದಿರೋನು ಕೋಲು ಊರ್ಕೊಂಡು ಮೆಲ್ಗೆ ಎಜ್ಜೆ ಇಡ್ತಾನೆ. ನಿಂಗೆ ಕಾಣ್ದಿದ್ರೆ ಜೋರಾಗಿ ಓಡ್ಸ್ತೀಯೇನಯ್ಯ?”

ಆಮೇಲೆ ಗುಂಪಿನ ಕಡೆ ತಿರುಗಿದಳು. “ನೀವ್ಯಾಕ್ರಲಾ ರೋಡ್ ಮಧ್ಯ ನಿಂತಿದ್ದೀರಿ? ಇನ್ನೊಂದ್ ಗಾಡಿ ಬಂದು ನಿಮ್ಮುನ್ನೂ ಎತ್ತಾಕ್ಲಿ ಅಂತಾವಾ? ಪಕ್ಕಕ್ ಬನ್ನಿ!” ತನ್ನ ಸೈಕಲ್ಲನ್ನು ತಿರುವಿನ ಆಚೆ, ಕೆಂಪು ದೀಪ ಕಾಣುವಂತೆ ನಿಲ್ಲಿಸಲು ನನ್ನ ಕೈಗೆ ಕೊಟ್ಟಳು. ಜಾಕೆಟ್ ಬಿಚ್ಚಿ ಚಿಕ್ಕಮಾವನ ಮೇಲೆ ಹೊದಿಸಿದಳು. ನಾನು ಫೋನ್ ಮಾಡಿ ಕರೆಸಿದ ಆಂಬುಲೆನ್ಸಿನವನು ಆ ಮಿಂಚು ನೋಡಿ ದೂರದಿಂದಲೇ ಗುರುತು ಹಿಡಿದು ಬಂದ.

ಮಾರನೆಯ ದಿನ ಮಧ್ಯಾಹ್ನ ಹಾಸನದ ಆಸ್ಪತ್ರೆಯಲ್ಲಿ ಚಿಕ್ಕಮಾವ ಕಾಲಿಗೆ ದಪ್ಪ ಬ್ಯಾಂಡೇಜು ಕಟ್ಟಿಸಿಕೊಂಡು ಮಲಗಿದ್ದರು. ಪ್ರಾಣಕ್ಕೆ ಅಪಾಯವಿಲ್ಲ ಎಂದು ಡಾಕ್ಟರು ಹೇಳಿದ್ದರು. ಅಪಾಯ ಬಂದದ್ದು ಆಮೇಲೆ, ಅತ್ತೆಯ ರೂಪದಲ್ಲಿ! ಹೇಗಿದ್ದೀಯ ಎಂದೂ ಕೇಳಲಿಲ್ಲ. ಇಷ್ಟು ವರ್ಷ ಸೆಕ್ರೆಟರಿಯ ಕೈಯಲ್ಲಿ ಹೇಳಿಸಲಾಗದೆ ಉಳಿದಿದ್ದ ಬೈಗುಳವನ್ನೆಲ್ಲ ಒಂದೇ ಸಮ ನೇರವಾಗಿ ಸುರಿದಳು. ಪಕ್ಕದ ಮಂಚದವರು ತಮ್ಮ ನೋವು ಮರೆತು ಎದ್ದು ಕೂತರು. ನರ್ಸು ಎರಡು ಸಲ ಬಂದು ಗದರಿಸಿ, ಮೂರನೇ ಸಲ ತಾನೂ ನಿಂತು ಕೇಳಿದಳು. ಚಿಕ್ಕಮಾವ ಕಣ್ಣು ಮುಚ್ಚಿಕೊಂಡು ಎಲ್ಲ ಕೇಳಿಸಿಕೊಂಡರು.

ಅತ್ತೆ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಅವರು ಮೆಲ್ಲಗೆ ಕೇಳಿದರು: “ಅತ್ಗೆ, ನಾ ಬಿದ್ದು ಕಣ್ ಬುಡೋದ್ರಾಗೆ ನೀನೇ ಪಕ್ಕದಾಗಿದ್ದೆ. ಅಷ್ಟ್ ಬೇಗ ಎಂಗ್ ಬಂದೆ?”

“ಎಂಗ್ ಬಂದೆ ಅಂತೆ! ದಿನಾ ಡೈರಿ ಬಾಗ್ಲಾಗೆ ಕಿವಿ ಕೊಟ್ಕೊಂಡು ನಿಂತಿರ್ತೀನಲ್ಲೋ. ನೀನಂತೂ ಕಣ್ಗೆ ಕಾಣಕಿಲ್ಲ. ನಿನ್ ಡಕೋಟ ಸೈಕಲ್ ಚೈನು ಕಿರ್ ಕಿರ್ ಅಂತ ಏರಿ ದಾಟ್ತು ಅಂದ್ರೆ, ಸದ್ಯ ಮನೆ ಸೇರ್ದ ಅಂತ ನಾನೂ ಓಗೋದು. ನೆನ್ನೆ ಏರಿ ಮಧ್ಯದಾಗೇ ನಿಂತೋಯ್ತಲ್ಲೋ ಅದು...”

ಚಿಕ್ಕಮಾವ ಡ್ರಿಪ್ ಚುಚ್ಚದ ಕೈಯನ್ನು ಮಂಚದ ಅಂಚಿಗೆ ತಂದು, ಅತ್ತೆಯ ಸೆರಗಿನ ತುದಿಯನ್ನು ಹಿಡಿದುಕೊಂಡರು. ನೋಡುವ ಟೈಮು ಮುಗಿಯಿತು, ಎಲ್ಲರೂ ಹೊರಡಿ ಎಂದು ನರ್ಸು ಕೂಗಿದಳು. ಅತ್ತೆ ಏಳಲಿಲ್ಲ. ನರ್ಸೂ ಮತ್ತೆ ಹೇಳಲಿಲ್ಲ.